ಅಕ್ಕನ ಮನೆಯ ಕೆಂಪು ಕಂಬಳಿ

ನಮ್ಮ ಕಾಲದಲ್ಲಿ ಈ ದ್ವೀಪದಲ್ಲಿ ಮನೆ, ಹೊಲ, ಚಿನ್ನ ಎಲ್ಲವೂ ಹಿರಿಮಗಳಿಗೇ. ಕಿರಿಯವಳಿಗೆ ಸಿಗುತ್ತಿದ್ದುದು ಹಿರಿಯವಳ ಚಾಕರಿ. ಹಾಗಾಗಿ ನಾನು ಬದುಕೆಲ್ಲ ಸೆವಾಸ್ತಿ ಅಕ್ಕನ ಮನೆಗೆ ನೀರು ಹೊತ್ತೆ. ಅವಳು ಸತ್ತ ಮೇಲೆ ಊರಿನವರು ಆ ಮನೆಯನ್ನೇ ಜಾನಪದ ವಸ್ತುಸಂಗ್ರಹಾಲಯ ಮಾಡಿದರು. ಅಲ್ಲಿ ಮಂಚಕ್ಕೆ ಹಾಸಿದ್ದ ಕೆಂಪು ಕಂಬಳಿ ನಾನು ನೇಯ್ದದ್ದು. ಅದೊಂದನ್ನು ಕೇಳೋಣವೆಂದು ಒಂದು ಮಧ್ಯಾಹ್ನ ಹೋದೆ.

ಕಾವಲಿನ ಮಿನಾಸ್ ಉದಾರಿ. “ತಗೊಂಡ್ಹೋಗಿ ರಿನಿಯೋ ಅತ್ತೆ. ಆದ್ರೆ ಮೊದ್ಲು ನಿಮ್ಮಕ್ಕನ ಥರ ಒಂದ್ಸಲ ಕೂಗಿ. ಅದೇ ನಿಮ್ಮ ಟಿಕೆಟ್ಟು!”

ಅಕ್ಕನ ಅನುಕರಣೆಯಲ್ಲಿ ನನಗೆ ಸರಿಸಾಟಿಯಿಲ್ಲ. ಜೀವಮಾನದ ತರಬೇತಿ ಪುಕ್ಕಟೆ ಸಿಕ್ಕಿತ್ತು. ಮೂಗು ಹಿಡಿದು ರಾಗ ಎಳೆದೆ: “ರಿನಿಯೋ... ನೀರೂ! ಸತ್ತೆಯೇನೇ?”

ಮಿನಾಸ್ ಹೊಟ್ಟೆ ಹಿಡಿದು ನಕ್ಕ. ನಾನು ಕಂಬಳಿಯ ಅಂಚು ಹಿಡಿದೆ. ಈಗತಾನೇ ಯಾರೋ ಎದ್ದು ಹೋದಂತೆ ಅದು ಬೆಚ್ಚಗಿತ್ತು.

“ರಿನಿಯೋ... ನೀರೂ!”

“ಸಾಕು ಅತ್ತೆ, ನಗಿಸಿ ಕೊಲ್ತೀರಾ?” ಎಂದ ಮಿನಾಸ್. ಆದರೆ ಈ ಸಲ ನನ್ನ ಬಾಯಿ ಮುಚ್ಚಿಯೇ ಇತ್ತು. ನನ್ನ ಮುಖ ನೋಡಿ ಅವನ ನಗು ನಿಂತಿತು.

ಕೈ ತಾನಾಗಿ ಕಂಬಳಿ ಬಿಟ್ಟಿತು. ಗೂಡಿನಲ್ಲಿದ್ದ ಮಣ್ಣಿನ ಕೊಡ ಹೆಗಲೇರಿತು. ಅಂಗಳಕ್ಕೆ ಹೋಗಿ ಬಂದಾಗ ಕೊಡ ತುಂಬಿ, ಬೆನ್ನಿಗೆ ತಣ್ಣಗೆ ಸೋರುತ್ತಿತ್ತು. ಅದನ್ನು ಮಂಚದ ಪಕ್ಕ ಇಟ್ಟು, ಅಭ್ಯಾಸದಂತೆ ತಲೆ ತಗ್ಗಿಸಿ, ಬರಿಗೈಯಲ್ಲಿ ಮನೆಗೆ ನಡೆದೆ.

ಬೆಳಿಗ್ಗೆ ಮಿನಾಸ್ ಬಂದು ನನ್ನ ಬಾಗಿಲಲ್ಲೇ ನಿಂತ. “ಅತ್ತೆ, ಕೊಡ ಖಾಲಿಯಾಗಿದೆ. ನೆಲ ಒಣಗೇ ಇದೆ. ಅದಿರ್ಲಿ, ಅಂಗಳದ ಬಾವೀನ ಹೋದ ವರ್ಷಾನೇ ಸಿಮೆಂಟು ಹಾಕಿ ಮುಚ್ಚಿದ್ವಲ್ಲ. ನೀರು ಎಲ್ಲಿಂದ ತಂದ್ರಿ?”

ನನಗೆ ಗೊತ್ತಿಲ್ಲ. ಕಂಬಳಿ ಈಗಲೂ ಅವಳ ಮಂಚದ ಮೇಲೇ ಇದೆ.