ಪದ್ಮಿನಿಯ ಓದಿನ ಸರದಿ

ಸೊಪ್ಪಿನ ರಾಶಿಗೆ ಕೈ ಹಾಕಿದ ನಾಗಶ್ರೀಗೆ ಏನೋ ಗಟ್ಟಿಯಾಗಿ ತಾಗಿತು. ಎಳೆದಳು. ಪುಸ್ತಕ!

ಎರಡನೇ ಕ್ಲಾಸಿನ ಕನ್ನಡ ಪುಸ್ತಕ. ಹಿಪ್ಪುನೇರಳೆ ಸೊಪ್ಪಿನ ತೇವಕ್ಕೆ ರಟ್ಟು ಮೆತ್ತಗಾಗಿತ್ತು.

"ಅವ್ವಾ, ಇಲ್ನೋಡು! ಪದ್ದಿ ಬುಕ್ಕು ಸೊಪ್ಪೊಳಗದೆ!"

ಅವ್ವ ಶಿವರತ್ನಮ್ಮ ರೇಷ್ಮೆಹುಳುಗಳಿಗೆ ಬೆಳಗಿನ ಸೊಪ್ಪು ಹಾಕುತ್ತಿದ್ದಳು. ಅರ್ಧಕ್ಕೇ ಬಿಟ್ಟು ಹುಳುಮನೆಯ ಬಾಗಿಲಿಗೆ ಬಂದಳು.

"ಬುಕ್ಕನ್ನೂ ಉಳಕ್ಕೇ ಆಕ್ಬುಡ್ತಾಳಂತಾ? ಎಲ್ಲವ್ಳೆ ಆ ಸೋಮಾರಿ?"

ನಾಗಶ್ರೀಯ ತಂಗಿ, ಏಳು ವರ್ಷದ ಪದ್ಮಿನಿ ನೀರಿನ ಡ್ರಮ್ಮಿನ ಹಿಂದೆ ಮುದುಡಿ ಕೂತಿದ್ದಳು. "ಒಟ್ಟೆ ನೋಯ್ತದೆ ಕಣವ್ವ. ನಾನಿವತ್ತು ಇಸ್ಕೂಲಿಗೆ ಓಗಲ್ಲ."

"ಈಗ್ತಾನೆ ಮೂರು ದೋಸೆ ಒಳಗೋದಾಗ ನೋಯ್ಲಿಲ್ವಾ ಒಟ್ಟೆ?"

ನಾಗಶ್ರೀಗೆ ನಗು ಬಂತು. ಪದ್ಮಿನಿ ಮಾತ್ರ ನಗಲಿಲ್ಲ.

"ಇವತ್ತು ಪ್ರೇಯರಲ್ಲಿ ಓದೋ ಸರದಿ ಅವಳ್ದು ಕಣವ್ವ, ಅದ್ಕೇ," ಎಂದಳು ನಾಗಶ್ರೀ.

ಅವರ ಶಾಲೆಯಲ್ಲಿ ದಿನಾ ಪ್ರಾರ್ಥನೆ ಮುಗಿದ ಮೇಲೆ ಯಾರಾದರೊಬ್ಬರು ಮುಂದೆ ನಿಂತು ಪುಸ್ತಕದ ಒಂದು ಪುಟ ಓದಬೇಕು. ಹೋದ ಸಲ ಪದ್ಮಿನಿ ಒಂದೇ ಪದ ಓದಿ ನಿಂತುಬಿಟ್ಟಿದ್ದಳು. ಹಿಂದಿನ ಸಾಲಿನ ಹುಡುಗರು ಅವಳಿಗೆ 'ಸ್ಟಾರ್ಟಾಗದ ಗಾಡಿ' ಎಂದು ಹೆಸರಿಟ್ಟರು. ಆಮೇಲೆ ಅವಳನ್ನು ಕಂಡಾಗಲೆಲ್ಲ ಬೈಕಿಗೆ ಕಿಕ್ ಹೊಡೆಯುವ ಹಾಗೆ ಕಾಲು ಆಡಿಸುತ್ತಿದ್ದರು.

"ಬಸ್ಸಿನ ಆರನ್ ಸದ್ದು ಕೇಳುದ್ರೆ ಸಾಕು, ಬಂಡಳ್ಳಿ ಬಸ್ಸೋ ರಾಮಾಪುರದ ಬಸ್ಸೋ ಅಂತ ಯೋಳ್ತಾಳೆ. ಬುಕ್ ತಗಿ ಅಂದ್ರೆ ಮಾತ್ರ ಇವ್ಳಿಗೆ ಇಲ್ಲದ ಸೋಮಾರಿತನ," ಎಂದು ಅವ್ವ ಪುಸ್ತಕವನ್ನು ಸೆರಗಿನಿಂದ ಒರೆಸಿದಳು. "ನಾಗಿ, ಕರ್ಕೊಂಡೋಗು ಇವಳ್ನ."

"ನಾನು ಓದಿಸ್ತೀನಿ ಕಣವ್ವ. ನೋಡ್ತಿರು."

ನಾಗಶ್ರೀ ಐದನೇ ಕ್ಲಾಸು. ಇವತ್ತು ಯಾರೂ ತನ್ನ ತಂಗಿಯನ್ನು ನೋಡಿ ಕಾಲು ಆಡಿಸಬಾರದು. ಅದೇ ಅವಳ ಹಟ.

ಶಾಲೆಗೆ ಅರ್ಧ ಗಂಟೆ ನಡಿಗೆ. ದಾರಿಯಲ್ಲೇ ಪಾಠ ಶುರುವಾಯಿತು. ಅಳಿಲು ಸೀಬೆಹಣ್ಣು ಕದ್ದ ಕತೆ, ಆರೇ ಸಾಲು. ನಾಗಶ್ರೀ ಓದಿದಳು, ಪದ್ಮಿನಿ ಹಿಂದೆಯೇ ಹೇಳಿದಳು. ಎರಡು ಸಲ ಆಯಿತು. ಮೂರನೇ ಸಲ ಪದ್ಮಿನಿ ಒಬ್ಬಳೇ ಹೇಳಿದಳು. ಒಂದೂ ತಪ್ಪಿಲ್ಲ. ಅಳಿಲಿನ ಮಾತು ಬಂದಾಗ ಅಳಿಲಿನ ಹಾಗೇ ಚಿರ್ ಎಂದಳು.

"ಬರ್ತದಲ್ಲೇ ನಿಂಗೆ! ಸುಮ್ನೆ ಅಷ್ಟೊಂದು ನಾಟ್ಕ ಆಡುದ್ಯಲ್ಲ."

ಖುಷಿಯಿಂದ ನಾಗಶ್ರೀ ನಡುವಿನ ಒಂದು ಪದದ ಮೇಲೆ ಬೆರಳಿಟ್ಟಳು. "ಇದೇನು ಯೋಳು."

ಪದ್ಮಿನಿ ಮೊದಲ ಸಾಲಿಗೆ ಹೋದಳು. ಬಾಯೊಳಗೇ ಕತೆ ಹೇಳಿಕೊಳ್ಳುತ್ತ, ಒಂದೊಂದು ಪದಕ್ಕೂ ಬೆರಳು ಸರಿಸುತ್ತ ಬಂದಳು. ನಡುವೆ ಎಲ್ಲೋ ಲೆಕ್ಕ ತಪ್ಪಿತು.

"ಅಳಿಲು?"

ಅಲ್ಲಿದ್ದದ್ದು 'ಹಣ್ಣು'.

ನಾಗಶ್ರೀ ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ 'ಮರ' ಎಂದು ಬರೆದಳು. ಪದ್ಮಿನಿ ಅದನ್ನು ನೋಡಿದಳು, ತುಂಬಾ ಹೊತ್ತು ನೋಡಿದಳು. "ಮ... ರ... ಮರ!"

"ಭೇಷ್!"

ಹತ್ತು ಹೆಜ್ಜೆ ಮುಂದೆ ಹೋಗಿ ನಾಗಶ್ರೀ ಮತ್ತೆ ಅದೇ ಪದ ಬರೆದಳು. ಪದ್ಮಿನಿ ಅದನ್ನು ಹುಟ್ಟಿದಾಗಿನಿಂದ ನೋಡಿಯೇ ಇಲ್ಲ ಎನ್ನುವ ಹಾಗೆ ನೋಡಿದಳು. "ಮ..." ಎಂದಳು. "ಮ..."

"ಲೇ, ಈಗ್ತಾನೆ ಯೋಳುದ್ಯಲ್ಲೇ! ಬೇಕಂತ್ಲೇ ಆಟ ಆಡ್ತಿದ್ದೀಯಾ?"

ತಲೆಗೆ ಮೊಟಕಲು ನಾಗಶ್ರೀ ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು.

ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಟ್ಟದ ತಲೆ ಮಂಜಿನೊಳಗಿತ್ತು. ಆದರೂ ಪದ್ಮಿನಿಯ ಮೂಗಿನ ಮೇಲೆ ಬೆವರಿನ ಹನಿಗಳಿದ್ದವು. ಲಂಗದ ತುದಿ ಮುಷ್ಟಿಯೊಳಗೆ ಬಿಗಿಯಾಗಿತ್ತು. ತುಟಿ ಇನ್ನೂ "ಮ... ಮ..." ಎನ್ನುತ್ತಲೇ ಇತ್ತು.

ತೋಟದಿಂದ ಸೊಪ್ಪಿನ ಹೊರೆ ಹೊತ್ತು ತರುವಾಗ ಅವ್ವ ಹೀಗೇ ಬೆವರುತ್ತಾಳೆ. ಸೋಮಾರಿಗಳು ಹೀಗೆ ಬೆವರುತ್ತಾರಾ?

ನಾಗಶ್ರೀ ಕೈ ಇಳಿಸಿದಳು. "ಇರ್ಲಿ ಬಾ," ಎಂದಳು.

ಪ್ರಾರ್ಥನೆ ಮುಗಿಯಿತು. ಪದ್ಮಿನಿ ಪುಸ್ತಕ ಬಿಡಿಸಿಕೊಂಡು ಮುಂದೆ ನಿಂತಳು. ಹಿಂದಿನ ಸಾಲಿನಲ್ಲಿ ಎರಡು ಕಾಲುಗಳು ಆಗಲೇ ಕಿಕ್ಕಿಗೆ ಸಿದ್ಧವಾಗಿದ್ದವು. ಅವಳು ಶುರು ಮಾಡಿದಳು. ಆರು ಸಾಲೂ ಸರಾಗವಾಗಿ ಬಂದವು. ಅಳಿಲಿನ ಚಿರ್ ಕೇಳಿ ಎಲ್ಲರೂ ನಕ್ಕರು, ಕಾಲೆತ್ತಿದವರೂ ಚಪ್ಪಾಳೆ ಹೊಡೆದರು.

"ನೋಡಿದ್ರಾ, ಮನಸ್ಸು ಮಾಡಿದ್ರೆ ಎಲ್ಲಾ ಬರುತ್ತೆ!" ಎಂದರು ಪ್ರಭುಸ್ವಾಮಿ ಮೇಷ್ಟ್ರು. "ನಾಳೆ ಮುಂದಿನ ಪುಟಾನೂ ನೀನೇ ಓದಮ್ಮ."

ಪದ್ಮಿನಿ ನಗುತ್ತ ಸಾಲಿಗೆ ಬಂದಳು. ಬಂದು ನಿಂತವಳು ಪುಸ್ತಕದಲ್ಲಿ ಉಳಿದ ಪುಟಗಳನ್ನೆಲ್ಲ ಎರಡು ಬೆರಳ ನಡುವೆ ಹಿಡಿದು, ಎಷ್ಟು ದಪ್ಪ ಇದೆ ಎಂದು ನೋಡಿದಳು. ನಗು ಹೋಯಿತು. ಅದನ್ನು ನಾಗಶ್ರೀ ಒಬ್ಬಳೇ ಕಂಡಳು.

ಹಾಲು ಕೊಡುವ ಹೊತ್ತಿಗೆ ಪದ್ಮಿನಿ ಲೋಟ ಹಿಡಿದು ಅಕ್ಕನ ಹತ್ತಿರ ಓಡಿಬಂದಳು.

"ಅಕ್ಕಾ, ನಾಳೆ ಪುಟ ಸಾಯಂಕಾಲ ಯೋಳ್ಕೊಟ್ಬುಡು. ಇದು ಉದ್ದ ಅದೆ."

"ಯೋಳ್ಕೊಡಲ್ಲ."

"ಅಕ್ಕಾ!"

"ಮೇಷ್ಟ್ರತ್ರ ಓಗನ ಬಾ."

"ಬ್ಯಾಡ ಕಣಕ್ಕ. ಚಪ್ಪಾಳೆ ಒಡ್ದೋರೆಲ್ಲ ನಗ್ತಾರೆ."

"ನಕ್ರೆ ನಗ್ಲಿ. ಬುಕ್ಕಲ್ಲಿರೋ ಅಷ್ಟೂ ಪುಟ ಇಂಗೇ ಮಾಡಕಾಯ್ತದಾ? ನಿಂಗೆ ಎಷ್ಟು ಕಷ್ಟ ಆಯ್ತದೆ ಅಂತ ನಾನು ನೋಡ್ದೆ."

"ನೋಡುದ್ಯಾ?" ಎಂದಳು ಪದ್ಮಿನಿ. ಆಮೇಲೆ ಬೇಡ ಎನ್ನಲಿಲ್ಲ. ಲೋಟದಲ್ಲಿದ್ದ ಹಾಲನ್ನು ಒಂದೇ ಗುಟುಕಿಗೆ ಕುಡಿದಳು. ಅಕ್ಕನಿಗಿಂತ ಮುಂದೆ ನಡೆದಳು.

ಮೇಷ್ಟ್ರು ತಮ್ಮ ರೂಮಿನಲ್ಲಿ ಹಾಜರಿ ಪುಸ್ತಕ ನೋಡುತ್ತಿದ್ದರು. "ಏನ್ರಮ್ಮ, ಅಕ್ಕ ತಂಗಿ ಇಬ್ಬರೂ ದಂಡೆತ್ತಿ ಬಂದ್ರಿ?"

ನಾಗಶ್ರೀ ಉಸಿರು ಎಳೆದುಕೊಂಡಳು. "ಸಾ, ಬೆಳಿಗ್ಗೆ ಪದ್ದಿ ಓದ್ಲಿಲ್ಲ. ನಾನೇ ಬಾಯ್ಪಾಠ ಮಾಡ್ಸಿದ್ದೆ. ತೆಪ್ಪು ನಂದು ಸಾ. ಮರ ಅಂತ ಓದಕ್ಕೂ ಇವ್ಳು ಮೈಯೆಲ್ಲ ಬೆವರ್ತಾಳೆ. ಓದಿದ ಪದಾನೇ ಮತ್ತೆ ಬರುದ್ರೆ, ಮತ್ತೆ ಮೊದ್ಲಿಂದ ಶುರು ಮಾಡ್ಬೇಕು. ಸೋಮಾರಿ ಅಲ್ಲ ಸಾ ಇವ್ಳು. ಅವ್ವಂಗೂ ನೀವೇ ಯೋಳ್ಬೇಕು."

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಪದ್ಮಿನಿಯನ್ನೇ ನೋಡಿದರು.

"ಇಡೀ ಪುಟ ಒಂದೇ ಬೆಳಿಗ್ಗೆ ಬಾಯಿಪಾಠ ಮಾಡಿದ್ಯಾ? ನನಗೆ ಇಷ್ಟು ದಿನ ಇದು ಗೊತ್ತೇ ಆಗ್ಲಿಲ್ಲವಲ್ಲಮ್ಮ." ಅವರು ಸ್ಟೂಲು ಎಳೆದು ತಮ್ಮ ಪಕ್ಕಕ್ಕೇ ಹಾಕಿದರು. "ಕೂತ್ಕೋ. ಈಗ ನೀನು ಏನೂ ಓದಬೇಡ. ನನ್ನ ಹತ್ರ ಏನಾದ್ರೂ ಕೇಳೋದಿದ್ಯಾ?"

ಹೊರಗೆ ಹುಡುಗರು ಲೋಟ ತೊಳೆಯುವ ಸದ್ದು ಕೇಳುತ್ತಿತ್ತು. ಪದ್ಮಿನಿ ಅಕ್ಕನ ಕಡೆ ತಿರುಗಿದಳು.

ನಾಗಶ್ರೀಗೆ ಏನೇನೋ ಹೇಳಿಕೊಡಬೇಕು ಅನ್ನಿಸಿತು. ಹೇಳಿಕೊಡಲಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತಳು.

"ಸಾ..." ಎಂದಳು ಪದ್ಮಿನಿ. ಮೊದಲು ಪಿಸುಮಾತಿನಲ್ಲಿ, ಆಮೇಲೆ ಇಡೀ ರೂಮಿಗೆ ಕೇಳುವ ಹಾಗೆ.

"ಸಾ, ಬ್ಯಾರೆಯೋರೆಲ್ಲ ಬಾಯ್ಪಾಠ ಮಾಡ್ದೇನೇ ಓದ್ತಾರಾ?"