ಕಿವಿ ಮಡಚಿದ ಪೆಟ್ಟಿಗೆ

ಎರಡು ಕಬ್ಬಿಣದ ಕೊಂಬು. ಒಂದು ನನ್ನ ಸೊಂಟದ ಎಡಕ್ಕೆ, ಇನ್ನೊಂದು ಬಲಕ್ಕೆ. ಬೆನ್ನ ಹಿಂದೆ ಸಕ್ಕರೆ ಮೂಟೆಗಳ ಗೋಡೆ.

ಫೋರ್ಕ್‌ಲಿಫ್ಟ್ ಇನ್ನೊಂದು ಗೇಣು ಮುಂದೆ ಬಂದರೆ ನನ್ನ ಕತೆ ಫಿನಿಶ್!

"ಯಾರು ಕಳಿಸಿದ್ದು?" ಅಂದ ಡ್ರೈವರ್.

ಆ ಬಿಸ್ಕತ್ ಫ್ಯಾಕ್ಟರಿಯಲ್ಲಿ ಎಲ್ಲರೂ ಅವನನ್ನು ಮೌನಿ ಅಂತ ಕರೆಯುತ್ತಿದ್ದರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದರಲ್ಲಿ ಒಂದೆರಡನ್ನು ನನಗಾಗಿ ಖರ್ಚು ಮಾಡುತ್ತಿದ್ದ.

"ಬೆಂಕಿ ಆರಿಸೋ ಸಿಲಿಂಡರ್ ಚೆಕ್ ಮಾಡೋಕೆ ಬಂದೋನು ಕಣಯ್ಯಾ..."

"ಸಿಲಿಂಡರ್ ನೋಡೋನಿಗೆ ಪೆಟ್ಟಿಗೆ ಟೇಪ್ ಯಾಕೆ?"

ಒಳ್ಳೆಯ ಪ್ರಶ್ನೆ. ಪೆಟ್ಟಿಗೆಗಳ ಟೇಪ್ ತಡವುತ್ತಿದ್ದಾಗಲೇ ಅವನ ಕೈಗೆ ಸಿಕ್ಕಿಬಿದ್ದಿದ್ದೆ. ಗಾಡಿ ಒಂದಿಷ್ಟು ಮುಂದೆ ಸರಿಯಿತು. ಪಕ್ಕೆಲುಬು ಲಟಕ್ ಅಂತು...

ಆಗ ಊಟದ ಸೈರನ್ ಕೂಗಿತು. ಮೌನಿ ತಲೆ ತಿರುಗಿಸಿದ. ಅರೆಕ್ಷಣ ಸಾಕು ನನ್ನಂಥವನಿಗೆ. ಬಗ್ಗಿದೆ, ಕಬ್ಬಿಣದ ಕೆಳಗಿಂದ ನುಸುಳಿದೆ, ಓಡಿದೆ!

ಹಿಂದೆ ಗಾಡಿಯ ಸದ್ದು. ಹಿಟ್ಟಿನ ರೂಮು ದಾಟಿದೆ. ಓವನ್ ದಾಟಿದೆ. ಲೋಡಿಂಗ್ ಜಾಗದಲ್ಲಿ ಲಾರಿಯೊಂದು ಬಾಗಿಲು ತೆರೆದು ನಿಂತಿತ್ತು. ಹಾರಿದೆ. ಪೆಟ್ಟಿಗೆಗಳ ಹಿಂದೆ ಕುಕ್ಕರುಗಾಲಲ್ಲಿ ಕುಳಿತೆ.

ನಾನ್ಯಾರು ಅಂತ ಹೇಳಬೇಕಲ್ಲ. 'ಯಾರು' ಅಂತ ಹುಡುಕಿಕೊಡುವುದು ನನ್ನ ಕಸುಬು. 'ಯಾಕೆ' ಅಂತ ನಾನು ಕೇಳುವುದಿಲ್ಲ. ಕೇಳಿದವರಿಗೆ ಈ ಲೈನಲ್ಲಿ ಕೆಲಸ ಸಿಗುವುದಿಲ್ಲ.

ಹತ್ತು ದಿನದ ಹಿಂದೆ ಫ್ಯಾಕ್ಟರಿಯ ಓನರ್ ನನ್ನ ಮುಂದೆ ಎರಡು ಪ್ಯಾಕೆಟ್ ಇಟ್ಟಿದ್ದ. ಒಂದು ಚಿನ್ನದ ಬಣ್ಣದ್ದು, ಟಿವಿಯಲ್ಲಿ ದಿನಾ ಬರುವ ಹೆಸರಿನ ಕಡಲೆಬೀಜದ ಬಿಸ್ಕತ್. ಇನ್ನೊಂದು ಬಿಳಿಯದು, ಸೂಪರ್‌ಮಾರ್ಕೆಟ್ ತನ್ನದೇ ಹೆಸರಲ್ಲಿ ಅಗ್ಗಕ್ಕೆ ಮಾರುವ ಸಾದಾ ಬಿಸ್ಕತ್. ಎರಡೂ ನಮ್ಮವೇ ಅಂದ. ಸೂಪರ್‌ಮಾರ್ಕೆಟ್‌ಗೆ ಹೆಸರಿದೆ, ಓವನ್ ಎಲ್ಲಿದೆ? ಬೆಳಗ್ಗೆ ಚಿನ್ನ, ಮಧ್ಯಾಹ್ನ ಬಿಳಿ. ಅದೇ ಓವನ್, ಅದೇ ಬೆಲ್ಟ್, ಅದೇ ಕೈಗಳು. ಒಂದೇ ತಾಯಿಯ ಮಕ್ಕಳು, ಅಂಗಿ ಮಾತ್ರ ಬೇರೆ! ಇದನ್ನು ಹೊರಗೆ ಯಾರೂ ಬಾಯಿ ಬಿಡಬಾರದು ಅಂತ ಒಪ್ಪಂದ.

ಯಾರೋ ಬಿಟ್ಟಿದ್ದರು. ಸೂಪರ್‌ಮಾರ್ಕೆಟ್‌ಗೆ ಹೆಸರಿಲ್ಲದ ಕಾಗದವೊಂದು ಹೋಗಿತ್ತು. ಕಡಲೆಬೀಜದ ಬಿಸ್ಕತ್ ಮುಗಿದ ಮೇಲೆ ಬೆಲ್ಟ್ ತೊಳೆಯುತ್ತಿಲ್ಲ, ಬಿಳಿ ಪ್ಯಾಕೆಟ್ ಮೇಲೆ 'ಕಡಲೆಬೀಜ ಇಲ್ಲ' ಅಂತ ಹಾಕಿದ್ದು ಸುಳ್ಳು, ಕಡಲೆಬೀಜ ಒಗ್ಗದ ಮಕ್ಕಳಿಗೆ ಅದರ ಪುಡಿಯೂ ಅಪಾಯ ಅಂತ. ಅಲ್ಲಿನ ಪರ್ಚೇಸ್ ಆಫೀಸರ್ ಏನು ಮಾಡಿದ ಗೊತ್ತಾ? ಕಾಗದವನ್ನು ಸದ್ದಿಲ್ಲದೆ ನಮ್ಮ ಓನರ್‌ಗೇ ಕಳಿಸಿಕೊಟ್ಟ.

ಬರೆದವರು ಯಾರು? ಅದು ನನ್ನ ಕೆಲಸ.

ಓನರ್‌ಗೆ ಗೊತ್ತಿರಲಿಲ್ಲ, ಫ್ಯಾಕ್ಟರಿಯ ಪ್ಯಾಕಿಂಗ್ ಟೇಬಲ್‌ನಲ್ಲಿ ನಮ್ಮಕ್ಕ ಕೆಲಸಕ್ಕಿದ್ದಾಳೆ ಅಂತ. ನಾನೂ ಹೇಳಲಿಲ್ಲ. ಆ ವಾರ ಪೂರ್ತಿ ಸಂಜೆ ಅಕ್ಕನ ಮನೆಯಲ್ಲೇ ಊಟ. ತಮ್ಮನಿಗೆ ಈಗಾದರೂ ನೆನಪಾಯಿತಲ್ಲ ಅಂತ ಅವಳಿಗೆ ಖುಷಿ. ಬಡಿಸುತ್ತಾ ಫ್ಯಾಕ್ಟರಿ ಕತೆ ಹೇಳುತ್ತಿದ್ದಳು. ನಾನು ಉಣ್ಣುತ್ತಾ ಕೇಳುತ್ತಿದ್ದೆ. ಉಂಡ ಮನೆಯ ಜಂತೆ ಎಣಿಸುವುದು ಅಂತಾರಲ್ಲ... ಅದೇ. ಈಗ ಹೇಳುವಾಗಲೂ ನಾಚಿಕೆಯಾಗುತ್ತದೆ.

ಅವಳು ಹೇಳಿದ್ದರಲ್ಲಿ ಒಂದು ಕಿವಿ ಇತ್ತು. ಬೆಲ್ಟ್ ತೊಳೆಯಲು ಎರಡು ಗಂಟೆ ಬೇಕು, ಓನರ್ ಕೊಡುವುದಿಲ್ಲ. ಬಿಳಿ ಬಿಸ್ಕತ್ತಿನ ಮೊದಲ ಒಂದು ಗಂಟೆಯ ಮಾಲೇ ಬೆಲ್ಟನ್ನು ಒರೆಸಿಕೊಂಡು ಹೋಗಬೇಕು. ಆ ಮಾಲನ್ನು ಎಸೆಯಬೇಕು ಅಂತ ನಿಯಮ. ಎಸೆಯುವುದಿಲ್ಲ, ಪ್ಯಾಕ್ ಮಾಡಿಸುತ್ತಾನೆ. ಅದಕ್ಕೇ ಆ ಪೆಟ್ಟಿಗೆಗಳಿಗೆ ಹೆಂಗಸರು ಟೇಪ್ ಅಂಟಿಸುವಾಗ ತುದಿಯನ್ನು ಸ್ವಲ್ಪ ಮಡಚುತ್ತಾರೆ. ಕಿವಿ. ಶನಿವಾರ ಕೆಲಸದವರಿಗೆ ಅಗ್ಗಕ್ಕೆ ಬಿಸ್ಕತ್ ಮಾರುವಾಗ ಕಿವಿ ಇರುವ ಪೆಟ್ಟಿಗೆಯನ್ನು ಅವರು ಯಾರೂ ಮುಟ್ಟುವುದಿಲ್ಲ. ತಮ್ಮ ಮಕ್ಕಳು ಬದುಕಿಕೊಂಡರು. ಊರವರ ಮಕ್ಕಳ ಪಾಡು?

ಲಾರಿಯೊಳಗೆ ನನ್ನ ಸುತ್ತ ಬಿಳಿ ಪೆಟ್ಟಿಗೆಗಳು. ಕೈಯಾಡಿಸಿದೆ. ಕಿವಿ... ಕಿವಿ... ಕಿವಿ.

"ಹೊರಗೆ ಬಾ," ಅಂತ ಒಂದು ದನಿ. "ಶೂ ಕಾಣ್ತಿದೆ. ಚಿಕ್ಕೋನಿದ್ದಾಗಿಂದ್ಲೂ ನಿನಗೆ ಅಡಗೋಕೆ ಬರಲ್ಲ."

ಅಕ್ಕ! ತಲೆಗೆ ಪ್ಯಾಕಿಂಗ್ ಟೋಪಿ, ಕೈಯಲ್ಲಿ ಊಟದ ಡಬ್ಬಿ. ಅವಳ ಹಿಂದೆ ಮೌನಿ, ಕೈಕಟ್ಟಿಕೊಂಡು.

ನಾನು ಎದ್ದು ನಿಂತೆ.

"ಊಟಕ್ಕೆ ಬರ್ತಿದ್ದಿದ್ದು ಇದಕ್ಕಾ?" ಅಂದಳು.

ನಾನು ಪೆಟ್ಟಿಗೆ ನೋಡಿದೆ.

"ಆ ಕಾಗದ ಬರೆದದ್ದು ನಾನೇ ಕಣೋ."

ಫ್ಯಾಕ್ಟರಿಯಲ್ಲಿ ಎಲ್ಲರ ಮೇಲೂ ಅನುಮಾನ ಪಟ್ಟಿದ್ದೆ. ದಿನಾ ಸಂಜೆ ಎದುರಿಗಿದ್ದವಳನ್ನು ಬಿಟ್ಟು!

ಯಾಕೆ ಅಂತ ನಾನು ಕೇಳಲಿಲ್ಲ. ಅವಳೇ ಹೇಳಿದಳು. ಒಂದು ದಿನ ಸೂಪರ್‌ಮಾರ್ಕೆಟ್‌ನಲ್ಲಿ ಒಬ್ಬ ತಾಯಿ ಬಿಳಿ ಪ್ಯಾಕೆಟ್ ಹಿಡಿದು, ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಓದುತ್ತಿದ್ದಳಂತೆ. ಮಗುವಿಗೆ ಕಡಲೆಬೀಜದ ಚೂರು ಹೋದರೂ ಗಂಟಲು ಊದಿ ಉಸಿರು ಕಟ್ಟುತ್ತದೆ ಅಂತ ಜೊತೆಯವಳಿಗೆ ಹೇಳುತ್ತಿದ್ದಳಂತೆ. ಓದಿ, ನಿಶ್ಚಿಂತೆಯಾಗಿ ಬುಟ್ಟಿಗೆ ಹಾಕಿಕೊಂಡಳು. ಪಕ್ಕದಲ್ಲೇ ಒಡೆದ ಪೆಟ್ಟಿಗೆ ಇತ್ತು, ಕಿವಿ ಮಡಚಿದ್ದು. ಮಡಚಿದ ಕೈ ತನ್ನದೇ ಅಂತ ಅಕ್ಕನಿಗೆ ಗೊತ್ತಾಯಿತು.

"ಅವಳ ಮುಂದೆ ಬಾಯಿ ಬಿಡಲಿಲ್ಲ ನಾನು," ಅಂದಳು. "ಕೆಲಸ ಹೋಗುತ್ತೆ ಅಂತ ಸುಮ್ನೆ ಮನೆಗೆ ಬಂದೆ. ಅವತ್ತಿಂದ ಅನ್ನ ಸೇರ್ತಿಲ್ಲ."

"ನಿನ್ನ ಹೆಸರು ನನ್ನ ಬಾಯಲ್ಲಿ ಬರಲ್ಲ ಅಕ್ಕಾ."

ಆ ಮಾತು ಉಳಿಸಿಕೊಂಡೆ. ಹೇಗೆ ಉಳಿಸಿಕೊಂಡೆ ಅಂತ ಕೇಳಿ.

ಸಂಜೆ ನಾಲ್ಕಕ್ಕೆ ಓನರ್ ಕರೆಸಿದ. ಹೆಸರು ಕೊಡಿ, ಇಲ್ಲದಿದ್ದರೆ ಪ್ಯಾಕಿಂಗ್‌ನ ನಲವತ್ತು ಹೆಂಗಸರನ್ನೂ ನಾಳೆಯೇ ಮನೆಗೆ ಕಳಿಸ್ತೀನಿ ಅಂದ. ತಮಾಷೆ ಮಾಡುವ ಮುಖವಲ್ಲ ಅದು.

"ಫೋರ್ಕ್‌ಲಿಫ್ಟ್ ಡ್ರೈವರ್," ಅಂದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅಕ್ಕನನ್ನು ಉಳಿಸಲು, ಆ ನಲವತ್ತು ಜನರನ್ನು ಉಳಿಸಲು ಅಂತ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜವಲ್ಲ. ಪಕ್ಕೆಲುಬು ಇನ್ನೂ ನೋಯುತ್ತಿತ್ತು.

ಓನರ್ ಅವನನ್ನು ನನ್ನೆದುರೇ ಕರೆಸಿದ. ನೀನೇ ಬರೆದದ್ದಾ ಅಂತ ಕೇಳಿದ. ಮೌನಿ ನನ್ನನ್ನು ನೋಡಿದ. ನಾನು ಯಾರನ್ನು ಉಳಿಸುತ್ತಿದ್ದೇನೆ ಅಂತ ಅವನಿಗೆ ಅರ್ಥವಾಯಿತು.

"ಹೂಂ," ಅಂದ.

ಗಾಡಿಯ ಕೀ ಮೇಜಿನ ಮೇಲಿಟ್ಟು ಹೊರಟ. ಹದಿನೆಂಟು ವರ್ಷದ ಕೆಲಸ, ಒಂದು ಹೂಂ. ನೆಲ ಬಾಯ್ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನುಂಗಲಿಲ್ಲ. ನೆಲಕ್ಕೂ ಒಂದು ರುಚಿ ಅಂತ ಇರುತ್ತಲ್ಲ.

ಮಾರನೇ ದಿನ ಬೆಳಗ್ಗೆ ಅಕ್ಕ ಟೋಪಿ ತೆಗೆದು ಕೈಯಲ್ಲಿ ಹಿಡಿದು ಓನರ್ ರೂಮಿಗೆ ಹೋದಳಂತೆ. ಬರೆದದ್ದು ನಾನು, ಅವನನ್ನು ವಾಪಸ್ ಕರೀರಿ ಅಂದಳಂತೆ. ಓನರ್ ಅವಳನ್ನೂ ಕಳಿಸಿದ, ಅವನನ್ನೂ ಕರೆಯಲಿಲ್ಲ. ಮಧ್ಯಾಹ್ನ ಬಿಳಿ ಬಿಸ್ಕತ್ ಎಂದಿನಂತೆ ಬೆಲ್ಟ್ ಮೇಲೆ ಹರಿಯಿತು.

ಅಕ್ಕನ ಮನೆಗೆ ಹೋದೆ. ಬಾಗಿಲು ಅರ್ಧ ತೆರೆದಳು.

"ಅವನಿಗೂ ಮನೆ ಇದೆ ಕಣೋ," ಅಂದಳು. "ನಿನಗೆ ಬಡಿಸೋಕೆ ಇವತ್ತು ನನ್ನ ಕೈಲಾಗಲ್ಲ. ಹೋಗು."

ಅಮ್ಮ ಹೋದ ಮೇಲೆ ನನಗೆ ಉಣ್ಣಿಸಿ ಬೆಳೆಸಿದ ಕೈ ಅದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಟ್ಟಿಲ ಮೇಲೆ ಕೂತು ಅತ್ತೆ. ನನ್ನಂಥವನು ಅಳುವುದು ಚೆಂದವಾಗಿರುವುದಿಲ್ಲ, ಬಿಡಿ.

ಒಂದು ವಾರ ಕಳೆದು ಫೋನ್ ಬಂತು. ಸೂಪರ್‌ಮಾರ್ಕೆಟ್‌ನ ಮ್ಯಾನೇಜರ್.

"ನಮ್ಮ ಬಾಗಿಲಲ್ಲಿ ಇಬ್ಬರು ನಿಂತು ಗಿರಾಕಿಗಳಿಗೆ ಏನೇನೋ ಹೇಳ್ತಿದ್ದಾರೆ. ಒಬ್ಬ ಹೆಂಗಸು, ಒಬ್ಬ ಗಂಡಸು. ನಯವಾಗಿ ಎತ್ತಂಗಡಿ ಮಾಡಿಸ್ರಿ. ಈ ಕೆಲಸಕ್ಕೆ ನೀವೇ ಸರಿ ಅಂತ ಫ್ಯಾಕ್ಟರಿ ಓನರ್ ಹೇಳಿದ್ರು."

ಹೋದೆ.

ಅಕ್ಕ ಮುಂದಿನ ಬಾಗಿಲಲ್ಲಿ ಬಿಳಿ ಪ್ಯಾಕೆಟ್ ಎತ್ತಿ ಹಿಡಿದು ಮಾತಾಡುತ್ತಿದ್ದಳು. ಮೌನಿ ಪಕ್ಕದಲ್ಲಿ ನಿಂತು ತನ್ನ ದಿನದ ಹತ್ತು ಮಾತನ್ನೂ ಅಲ್ಲೇ ಖರ್ಚು ಮಾಡುತ್ತಿದ್ದ. ಜನ ಕೈಬೀಸಿ ಒಳಗೆ ಹೋಗುತ್ತಿದ್ದರು. ಕೆಲಸ ಕಳಕೊಂಡವರ ಹೊಟ್ಟೆಯುರಿ ಅಂತ ಒಬ್ಬ ನಕ್ಕ. ಹತ್ತರಲ್ಲಿ ಇಬ್ಬರು ನಂಬಿದರೆ ಹೆಚ್ಚು.

ಮೌನಿ ನನ್ನನ್ನು ನೋಡಿದ. ಅವನ ಕಣ್ಣು ತಪ್ಪಿಸಿ ಅಕ್ಕನ ಮುಂದೆ ನಿಂತೆ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಯಾಕೆ ಬಂದೆ ಅಂತ ಕೇಳಲಿಲ್ಲ.

"ಹಿಂದೆ ಇನ್ನೊಂದು ಬಾಗಿಲಿದೆ. ಅಲ್ಲಿ ಯಾರೂ ಇಲ್ಲ," ಅಂದಳು ಅಷ್ಟೇ.

ಹಿಂದಿನ ಬಾಗಿಲಿಗೆ ಹೋಗಿ ನಿಂತೆ. ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡ ಒಬ್ಬಾಕೆ ಬಂದರು. ಬಿಳಿ ಪ್ಯಾಕೆಟ್‌ನ ವಿಷಯ ಹೇಳಿದೆ. ಆಕೆ ಹುಬ್ಬು ಗಂಟಿಕ್ಕಿ, ನಿಮಗೆ ಹೇಗೆ ಗೊತ್ತು ಅಂದರು.

"ಇದನ್ನ ಹೇಳಿದೋರ ಬಾಯಿ ಮುಚ್ಚಿಸೋಕೆ ನನ್ನನ್ನೇ ಇಟ್ಕೊಂಡಿದ್ರು ಮೇಡಂ. ಮುಚ್ಚಿಸಿದೆ. ಇಬ್ಬರ ಕೆಲಸ ಹೋಯ್ತು."

ಆಕೆ ನನ್ನ ಮುಖ ನೋಡಿದರು. ಮಗುವನ್ನು ಇನ್ನೊಂದು ಸೊಂಟಕ್ಕೆ ಸರಿಸಿಕೊಂಡರು, ನನ್ನಿಂದ ದೂರಕ್ಕೆ. ಆಮೇಲೆ ಫೋನ್ ತೆಗೆದು ಗೊತ್ತಿದ್ದವರಿಗೆಲ್ಲ ಹೇಳತೊಡಗಿದರು.

ಆ ಬಾಗಿಲಲ್ಲಿ ಸಂಜೆಯವರೆಗೆ ಹತ್ತಕ್ಕೆ ಹತ್ತೂ ಜನ ನಂಬಿದರು. ಕಳ್ಳನೇ ಬಾಯಿಬಿಟ್ಟ ಮೇಲೆ ಇನ್ಯಾವ ಸಾಕ್ಷಿ ಬೇಕು!