ನೀಲಗಂಗಮ್ಮನ ಭತ್ತ ನಾಪತ್ತೆ

ಒಳಗೆ ಹೋದದ್ದು ಹದಿನಾಲ್ಕು ಮಾದರಿ. ಹೊರಗೆ ಬಂದದ್ದು ಹದಿಮೂರು!

ಪೂಜಿತಾ ಪರದೆಯ ಮೇಲೆ ಬೆರಳಿಟ್ಟು ಮತ್ತೆ ಎಣಿಸಿದಳು. ಎಮ್ಮಿಗನೂರಿನ ನೀಲಗಂಗಮ್ಮನ ಬಿತ್ತನೆ ಭತ್ತ ಇಲ್ಲವೇ ಇಲ್ಲ. ಸೋಮವಾರ ಕಂಪ್ಲಿಯದೊಂದು, ಮಂಗಳವಾರ ಕಡ್ಡಿರಾಂಪುರದ್ದೊಂದು ಹೀಗೇ ಮಾಯವಾಗಿದ್ದವು. ಇವತ್ತು ಮೂರನೆಯದು.

ಹೊಸಪೇಟೆಯ ಆ ಖಾಸಗಿ ಪ್ರಯೋಗಾಲಯದಲ್ಲಿ ಬೀಜದ ಡಿಎನ್‌ಎ ಓದಿ ರೋಗ ಇದೆಯೋ ಇಲ್ಲವೋ ಹೇಳುತ್ತಾರೆ. ಅದನ್ನು ಪತ್ತೆ ಹಚ್ಚುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಪೂಜಿತಾಳದು. ಏಳು ತಿಂಗಳ ಬೆವರು. ಕಮಾಂಡ್ ಟೈಪಿಸಿ ಅವಳೊಬ್ಬಳೇ ಓಡಿಸುತ್ತಿದ್ದದ್ದನ್ನು, ಯಾರು ಬೇಕಾದರೂ ಗುಂಡಿ ಒತ್ತಿ ಓಡಿಸಲಿ ಎಂದು ಎರಡು ವಾರದ ಹಿಂದೆ ಪ್ರಯೋಗಾಲಯದ ಎಲ್ಲ ಟೂಲುಗಳಿರುವ ವರ್ಕ್‌ಫ್ಲೋ ಪ್ಲಾಟ್‌ಫಾರ್ಮಿಗೆ ಜೋಡಿಸಿದ್ದರು. ಜೋಡಿಸಿದವನು ತಿಪ್ಪೇಶ್.

"ಸ್ಕ್ರಿಪ್ಟೇ ಸರಿ ಇಲ್ರಿ ಮೇಡಂ," ಎಂದ ತಿಪ್ಪೇಶ್, ಮುಖ್ಯಸ್ಥೆ ಶ್ರೀಲಕ್ಷ್ಮೀ ಎದುರು. "ಪ್ಲಾಟ್‌ಫಾರ್ಮಿನಾಗ ಇನ್ನೂ ನಲವತ್ತು ಟೂಲ್ ಅದಾವ. ಒಂದಾದ್ರೂ ತಕರಾರು ಮಾಡೈತೇನು?"

"ನನ್ನ ಲ್ಯಾಪ್‌ಟಾಪಿನಾಗ ಹದಿನಾಲ್ಕೂ ಬರ್ತಾವ್ರಿ!" ಪೂಜಿತಾ ಪರದೆ ಅವರ ಕಡೆ ತಿರುಗಿಸಿದಳು.

ಶ್ರೀಲಕ್ಷ್ಮೀ ಗಡಿಯಾರ ನೋಡಿದರು. "ಮಧ್ಯಾಹ್ನ ಎರಡರೊಳಗ ಕಾರಣ ಬೇಕು. ಇಲ್ಲಾಂದ್ರ ನಿನ್ನ ಸ್ಕ್ರಿಪ್ಟ್ ತಗದು ಹಾಕ್ತೀವಿ. ರೈತರ ಬೀಜದ ಜೋಡಿ ಆಟ ಬ್ಯಾಡ."

ಏಳು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಲಿತ್ತು. ಪೂಜಿತಾ ನೇರ ಭೀಮಾಬಾಯಿಯ ಮೇಜಿಗೆ ಹೋದಳು. ಹಿರಿಯ ತಂತ್ರಜ್ಞೆ ಭೀಮಾಬಾಯಿಗೆ ಕೋಡ್ ಎಂದರೆ ಕಬ್ಬಿಣದ ಕಡಲೆ. ಆದರೆ ಪ್ರಶ್ನೆ ಕೇಳಲು ಕೂತರೆ ಬೆವರಿಳಿಸುವ ಹೆಂಗಸು.

"ಕಾಣೆಯಾದ ಮೂರೂ ಒಂದೇ ತಳಿಯೇನು?"

"ಅಲ್ರಿ ಬಾಯಾರ."

"ಡಿಎನ್‌ಎ ಕೆಟ್ಟಿತ್ತೇನು?"

"ಇಲ್ರಿ, ಚೊಕ್ಕ ಇತ್ತು."

"ರಿಪೋರ್ಟಿನೊಳಗ ಎಲ್ಲಿ ಇರಬೇಕಿತ್ತು?"

"ಒಂದೊಂದು ಒಂದೊಂದು ಕಡಿ. ಅಲ್ಲಿ ಊರಿನ ಹೆಸರು ಅಕಾರಾದಿ ಜೋಡಿಸಿರ್ತಾವ."

"ಅದು ಹೊರಗ ಬರೋ ಬಾಗಿಲು. ಒಳಗ ಹೋಗೋ ಬಾಗಿಲು ಯಾರದು?"

ಒಳಬಾಗಿಲು ಕೊಟ್ರಯ್ಯನದು. ಮಾದರಿ ತೆಗೆದುಕೊಂಡು, ಪಟ್ಟಿ ಮಾಡಿ ಕಂಪ್ಯೂಟರಿಗೆ ಏರಿಸುವ ಹಳೆಯ ಗುಮಾಸ್ತ. ಪ್ರತಿ ಪಟ್ಟಿಯ ಪ್ರಿಂಟನ್ನೂ ಫೈಲಿನಲ್ಲಿ ಇಟ್ಟುಕೊಂಡಿದ್ದ. ಭೀಮಾಬಾಯಿ ಶುಕ್ರವಾರದಿಂದ ಇವತ್ತಿನ ತನಕದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರು.

"ಕೊಟ್ರಯ್ಯ, ಶುಕ್ರವಾರದ ಪಟ್ಟಿ ಮ್ಯಾಲ 'ಶ್ರೀ ಕೊಟ್ಟೂರೇಶ್ವರ ಪ್ರಸನ್ನ' ಅಂತ ಅದ. ಸೋಮವಾರದಿಂದ ಯಾಕಿಲ್ಲ?"

ಕೊಟ್ರಯ್ಯನ ಮುಖ ಬಾಡಿತು. "ಏನ್ ಹೇಳ್ಲಿ ಬಾಯಾರ? ದೇವರ ಹೆಸರು ಬರೀದ ನಾ ಯಾವ ಪಟ್ಟೀನೂ ಶುರು ಮಾಡಿದಾಂವಲ್ಲ. ಈ ತಿಪ್ಪೇಶ ನಕ್ಕ—ಇದೇನು ಲಗ್ನಪತ್ರಿಕಿ ಏನ್ರಿ ಅಂದ. ಬಿಟ್ಟೆ."

ಭೀಮಾಬಾಯಿ ಕನ್ನಡಕ ತೆಗೆದರು. "ಸಿಕ್ಕಿತು! ಪೂಜಿತಾ, ಮೇಡಂನ ಕರಿ. ತಿಪ್ಪೇಶನ್ನೂ."

ಎಲ್ಲರೂ ನೆರೆದಾಗ ಗಂಟೆ ಒಂದೂವರೆ.

"ತಿಪ್ಪೇಶ್, ದೇವರ ಹೆಸರು ಸ್ಕ್ರಿಪ್ಟಿನೊಳಗ ಹೋಗಬಾರದು ಅಂತ ಜೋಡಿಸುವಾಗ ಏನು ಮಾಡಿದ್ದಿ?"

"ಪಟ್ಟಿಯ ಮೊದಲನೇ ಸಾಲು... ಕತ್ತರಿಸಿ ಕಳಸೋ ಹಂಗ ಮಾಡಿದ್ದೆ."

"ಆಮ್ಯಾಲ ದೇವರ ಹೆಸರು ಬಿಡಿಸಿದಿ. ಕತ್ತರಿ ತಗದಿ ಏನು?"

ತಿಪ್ಪೇಶ್ ತನ್ನ ಜೋಡಣೆ ತೆರೆದು ನೋಡಿದ. ಕತ್ತರಿ ಅಲ್ಲೇ ಇತ್ತು.

"ನೋಡ್ರಿ ಮೇಡಂ," ಭೀಮಾಬಾಯಿ ಹಾಳೆಗಳನ್ನು ಮುಂದೆ ಹಿಡಿದರು. "ಮೂರೂ ದಿನ ಕಾಣೆಯಾದದ್ದು ಕೊಟ್ರಯ್ಯನ ಪಟ್ಟಿಯ ಮೊದಲನೇ ಮಾದರಿ. ಶುಕ್ರವಾರದ ತನಕ ಆ ಜಾಗದಾಗ ದೇವರಿದ್ದ, ಯಾರದೂ ಹೋಗಲಿಲ್ಲ. ದೇವರು ಎದ್ದ ಮ್ಯಾಲ ಅಲ್ಲಿ ರೈತರು ಬಂದು ಕೂತ್ರು. ಕತ್ತರಿ ಅವರ ಮ್ಯಾಲೇ ಬಿತ್ತು. ಎಲ್ಲಾರೂ ಹೊರಗ ಬಂದ ರಿಪೋರ್ಟ್ ನೋಡಿದ್ರಿ. ಒಳಗ ಹೋದ ಪಟ್ಟಿ ಯಾರೂ ನೋಡಲಿಲ್ಲ. ತಪ್ಪು ತಿಪ್ಪೇಶನ ಜೋಡಣೆದು, ಹುಡುಗಿಯದಲ್ಲ."

"ಕತ್ತರಿ ಬೇಕೇ ಇರಲಿಲ್ರಿ!" ಪೂಜಿತಾಳ ದನಿ ಏರಿತು. "ಮಾದರಿ ನಂಬರ್ ಇಲ್ಲದ ಸಾಲು ನನ್ನ ಸ್ಕ್ರಿಪ್ಟ್ ತಾನೇ ಬಿಟ್ಟು ಹೋಗ್ತೈತಿ. ಒಂದ್ ಮಾತು ಕೇಳಿದ್ರ ಹೇಳ್ತಿದ್ದೆ!"

ತಿಪ್ಪೇಶ್ ತಲೆ ತಗ್ಗಿಸಿ ಕೂತು ಆ ಒಂದು ಸಾಲನ್ನು ಅಳಿಸಿದ. ಪೂಜಿತಾ ಗುಂಡಿ ಒತ್ತಿದಳು. ಹನ್ನೆರಡು... ಹದಿಮೂರು... ಹದಿನಾಲ್ಕು! ಎಮ್ಮಿಗನೂರು, ನೀಲಗಂಗಮ್ಮ: ರೋಗವಿಲ್ಲ. ಅವಳಿಗೆ ಕುಣಿಯಬೇಕೆನ್ನಿಸಿತು, ಕೊಟ್ರಯ್ಯ ಮಾತ್ರ ನಿಜವಾಗಿಯೂ ಚಪ್ಪಾಳೆ ತಟ್ಟಿಬಿಟ್ಟ.

"ಸ್ಕ್ರಿಪ್ಟ್ ಇಲ್ಲೇ ಇರ್ತದ," ಎಂದರು ಶ್ರೀಲಕ್ಷ್ಮೀ. "ತಿಪ್ಪೇಶ್, ಟೂಲಿನ ಪುಟದಾಗ ಸ್ಕ್ರಿಪ್ಟ್ ಬರದಾಕಿ ಪೂಜಿತಾನ ಹೆಸರು ಹಾಕು. ಈಗಲೇ, ನನ್ನ ಮುಂದ."

ತಿಪ್ಪೇಶ್ ಹಾಕಿದ. ಪೂಜಿತಾ ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದಳು.

"ನೀಲಗಂಗಮ್ಮಾರ, ನಿಮ್ಮ ಬೀಜ ಚೊಕ್ಕ ಐತ್ರಿ. ಬಿತ್ರಿ!"